ಗುಂಯ್‌ಗುಡುವ ಗಿಟಾರು

ಮಂಚದ ಮೇಲೆ ಹಳೇ ಟವೆಲ್ಲು ಹಾಸಿ, ತಂತಿ ಕಳಚಿದ ಗಿಟಾರನ್ನು ಅದರ ಮೇಲೆ ಮಲಗಿಸಿ, ಅಮರ್ ಅದರ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. ಹಗಲು ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸುವವನು, ಮದುವೆ ಸೀಸನ್ನು ಬಂದರೆ ದೇವರಾಜಣ್ಣನ ಆರ್ಕೆಸ್ಟ್ರಾಗೆ ಗಿಟಾರು ಬಾರಿಸುವವನು, ಯುಗಳಗೀತೆಗೆ ದನಿಯನ್ನೂ ಕೂಡಿಸುವವನು. ಹೆಂಡತಿ ಮಮತ ಅದೇ ಆರ್ಕೆಸ್ಟ್ರಾದ ಹಾಡುಗಾರ್ತಿ. ದೇವನಹಳ್ಳಿ ಪಕ್ಕದ ವಿಜಯಪುರದ ಅವರ ಬೀದಿಯಲ್ಲಿ ರೇಷ್ಮೆ ಹುರಿ ಮಾಡುವ ಮಿಷನ್ನುಗಳದೇ ದರ್ಬಾರು. ಗಂಡ ಹೆಂಡತಿ ಗುಟ್ಟು ಮಾತಾಡಬೇಕಾದರೂ ಕೂಗಿಯೇ ಮಾತಾಡಬೇಕು. ಆವತ್ತು ಮಾತ್ರ ಮಮತ ಅವನ ಪಕ್ಕ ಕೂತು, ಕಿವಿಯ ಹತ್ತಿರ ಮೆಲ್ಲಗೆ ಕೇಳಿದಳು.

"ರೀ, ಹಿಂದೆ ಮುಂದೆ ಎರಡೂ ಕಡೆ ದಪ್ಪಂದೇ ಹಾಕ್ಬಿಡಿ. ಗುಂಯ್ ಅನ್ನೋದೇ ಇಲ್ಲ ಅಂದ್ರಲ್ಲ?"

ತಂತಿಯ ಕೆಳಗೆ ಕೂತು, ಅದರ ಕಂಪನವನ್ನು ಹಿಡಿದು ಸ್ಪೀಕರಿಗೆ ಕಳಿಸುವುದು ಪಿಕಪ್ಪು. ಒಂದೇ ಸುರುಳಿಯ ಪಿಕಪ್ಪು ಗಾಜಿನ ಬಳೆಯಂಥ ತಿಳಿಯಾದ ದನಿ ಕೊಡುತ್ತದೆ, ಆದರೆ ಸುತ್ತಲಿನ ಕರೆಂಟಿನ ಗುಂಯ್‌ಕಾರವನ್ನೂ ಕೈಹಿಡಿದು ಕರೆತರುತ್ತದೆ. ಮಮತ ಹೇಳಿದ ದಪ್ಪಂದು ಹಂಬಕರ್. ಜೋಡಿ ಸುರುಳಿಯದು. ಅದು ಗುಂಯ್‌ಕಾರವನ್ನು ನುಂಗುತ್ತದೆ, ಜೊತೆಗೆ ದನಿಯ ಹೊಳಪನ್ನೂ ಒಂದಿಷ್ಟು ನುಂಗುತ್ತದೆ. ಅಮರನ ಗಿಟಾರಿನಲ್ಲಿದ್ದ ಮೂರೂ ಒಂಟಿ ಸುರುಳಿಯವು.

"ಎರಡೂ ದಪ್ಪಂದು ಹಾಕಿದ್ರೆ ಹಳೇ ಹಾಡಿಗೆ ಮೂಗು ಕಟ್ಟಿದಂಗಿರುತ್ತೆ ಕಣೇ. ದೇವರಾಜಣ್ಣಂಗೆ ಒಂದೇ ಗಿಟಾರಲ್ಲಿ ತಮಟೆ ಸಾಂಗಿಂದ ಹಿಡಿದು ಭಾವಗೀತೆ ತನಕ ಬೇಕು."

"ದೇವರಾಜಣ್ಣಂಗೆ ಶಾಕ್ ಹೊಡೀಲಿಲ್ಲವಲ್ಲ."

ಅಮರ್ ಸ್ಕ್ರೂಡ್ರೈವರ್ ಕೆಳಗಿಟ್ಟ.

ಅದು ಹೋದ ತಿಂಗಳು ಹೊಸಕೋಟೆ ಕಡೆಯ ಒಂದು ರಿಸೆಪ್ಷನ್ನಿನಲ್ಲಿ ಆದದ್ದು. ಗಿಟಾರು ಗುಂಯ್‌ಗುಟ್ಟಿತೆಂದು ದೇವರಾಜಣ್ಣ ಕಣ್ಣು ಬಿಟ್ಟ. ಸೌಂಡಿನ ಚಿನ್ನಸ್ವಾಮಿ ಇಂಥ ಹೊತ್ತಿಗೆ ಎಲ್ಲ ಆರ್ಕೆಸ್ಟ್ರಾದವರೂ ಮಾಡುವುದನ್ನೇ ಮಾಡಿದ. ಆಂಪ್ಲಿಫೈಯರಿನ ಪ್ಲಗ್ಗು ಕಿತ್ತು, ಅರ್ಥಿಂಗಿನ ದಪ್ಪ ಪಿನ್ನನ್ನು ಇಕ್ಕಳದಲ್ಲಿ ಮುರಿದ. ಸಾಕೆಟ್ಟಿನ ಮೇಲಿನ ತೂತಿಗೆ ಬೆಂಕಿಕಡ್ಡಿ ತುರುಕಿ ಉಳಿದೆರಡು ಪಿನ್ನು ಒತ್ತಿದ. ಗುಂಯ್‌ಕಾರ ನಿಂತಿತು. ಆದರೆ ಆಂಪಿನೊಳಗೆ ಸೋರುತ್ತಿದ್ದ ಕರೆಂಟಿಗೆ ನೆಲಕ್ಕಿಳಿಯುವ ದಾರಿಯೂ ನಿಂತಿತು. ಅದು ವೈರಿನಲ್ಲಿ ಹರಿದು ಗಿಟಾರಿನ ತಂತಿಯ ಮೇಲೆ ಬಂದು ಕೂತದ್ದು ಯಾರಿಗೆ ಗೊತ್ತು? ಯುಗಳಗೀತೆಯ ನಡುವೆ ಮಮತ, ವಾಡಿಕೆಯಂತೆ, ಮೈಕನ್ನು ತುಟಿಗೆ ಹಚ್ಚಿಕೊಂಡೇ ಗಂಡನ ಗಿಟಾರಿನ ತಂತಿಯ ಮೇಲೆ ಕೈಯಿಟ್ಟಳು. ಕರೆಂಟು ಅವಳ ಮೈಯಲ್ಲಿ ಹಾದು ಮೈಕಿನ ಮೂಲಕ ನೆಲಕ್ಕೆ ದಾರಿ ಹುಡುಕಿಕೊಂಡಿತು. ಬಾಯಿಂದ ಹಾಡೂ ಅಲ್ಲದ, ಚೀತ್ಕಾರವೂ ಅಲ್ಲದ ಒಂದು ಸದ್ದು ಬಂತು. ಬಿದ್ದಳು. ಬಿದ್ದದ್ದರಿಂದಲೇ ತಂತಿ ಬಿಟ್ಟುಹೋಗಿ ಬದುಕಿದಳು ಅಂದರು ಡಾಕ್ಟರು.

ಅಮರ್ ಮಾರನೇ ದಿನವೇ ಹೊಸ ಪ್ಲಗ್ಗು ಹಾಕಿಸಿದ. ಆದರೆ ಚಿನ್ನಸ್ವಾಮಿಯ ಕೈಗೆ ಏನು ಹಾಕಿಸುವುದು? ಗಿಟಾರೇ ಗುಂಯ್ ಅನ್ನದಿದ್ದರೆ ಅವನು ಪಿನ್ನಿನ ತಂಟೆಗೇ ಹೋಗುವುದಿಲ್ಲ. ಹಾಗೆಂದೇ ಈ ಪಿಕಪ್ಪಿನ ಯೋಚನೆ.

ಕೊನೆಗೆ ಅವನು ಹಿಂದಕ್ಕೆ ಮಾತ್ರ ಹಂಬಕರ್ ಕೂರಿಸಿದ. ನಡುವಿನದು, ಮುಂದಿನದು ಒಂಟಿ ಸುರುಳಿಯವೇ ಉಳಿದವು.

"ನಡುವಿಂದು ಉಲ್ಟಾ ಸುತ್ತಿರೋದು. ಅದನ್ನ ಮುಂದಿಂದರ ಜೊತೆ ಸೇರಿಸಿ ಬಾರಿಸಿದ್ರೆ ಗುಂಯ್ ಅನ್ನಲ್ಲ. ಮುಂದಿಂದು ಒಂದನ್ನೇ ಹಾಕಿದ್ರೆ ಮಾತ್ರ ಅನ್ನುತ್ತೆ."

"ಒಂದನ್ನೇ ಹಾಕಲ್ಲ ತಾನೇ?"

"ಹಾಕಲ್ಲ ಕಣೇ, ನಿನ್ನಾಣೆ."

"ನನ್ನಾಣೆ ಬೇಡ," ಅಂದಳು ಮಮತ. ನಗಲಿಲ್ಲ.

ಮುಂದಿನ ಭಾನುವಾರ ಸಂಜೆ ದೇವನಹಳ್ಳಿಯ ಹತ್ತಿರದ ಒಂದು ಕಲ್ಯಾಣಮಂಟಪದಲ್ಲಿ ಕಾರ್ಯಕ್ರಮ. ಸ್ಟೇಜಿನ ಕಮಾನಿಗೆಲ್ಲ ಸೀರಿಯಲ್ ಲೈಟು, ಹೊರಗೆ ಜನರೇಟರು. ಮೊದಲ ಹಾಡುಗಳಿಗೆ ಹಂಬಕರ್ ಮಲ್ಲಯುದ್ಧದವನಂತೆ ತೊಡೆ ತಟ್ಟಿತು. ನಡುವಿನದನ್ನು ಸೇರಿಸಿ ಬಾರಿಸಿದ ಹಾಡುಗಳೂ ನಿರ್ಮಲ. ಕೀಬೋರ್ಡಿನ ಹಿಂದಿನಿಂದ ದೇವರಾಜಣ್ಣ, "ಎಲ್ಲಿಂದ ತಂದ್ಯೋ ಈ ಸೌಂಡು, ಕಳ್ಳ!" ಅಂದ. ಅಮರನ ಎದೆ ಉಬ್ಬಿತು. ಮಮತಳ ಹೆಗಲು ಮಾತ್ರ ಬಿಗಿದೇ ಇತ್ತು.

ಆಮೇಲೆ ಮದುವೆ ಹುಡುಗನ ತಾತ ಒಂದು ಹಳೇ ಯುಗಳಗೀತೆ ಕೇಳಿಕಳಿಸಿದರು.

"ಲೇ ಅಮರ್, ಆ ನಿನ್ನ ಹಳೇ ಟೋನು ಹಾಕಲಾ! ಬಳೆ ಸದ್ದಿಂದು!" ಕೂಗಿದ ದೇವರಾಜಣ್ಣ.

ಬೆರಳೊಂದು ಕಳ್ಳ. ಹೊಗಳಿಸಿಕೊಂಡ ಬೆರಳಂತೂ ಮಹಾಕಳ್ಳ. ಅದು ಸ್ವಿಚ್ಚನ್ನು ತುದಿಗೆ, ಮುಂದಿನ ಒಂಟಿ ಪಿಕಪ್ಪಿಗೆ ತಳ್ಳಿತು. ಎಂಥ ದನಿ ಬಂತು! ತಾತನವರು ಕಣ್ಣು ಮುಚ್ಚಿದರು. ಆದರೆ ಸ್ವರ ಸ್ವರದ ಸಂದಿಯಲ್ಲಿ, ಗೂಡಿಗೆ ಕಡ್ಡಿ ಚುಚ್ಚಿದರೆ ಜೇನು ಏಳುವಂತೆ, ಗುಂಯ್ ಎದ್ದಿತು. ಮಮತ ತಿರುಗಿ ನೋಡಿದಳು. ಅವಳ ಮುಖದ ಬಣ್ಣ ಇಳಿಯುವುದು ಅಷ್ಟು ಬೆಳಕಿನಲ್ಲೂ ಕಾಣಿಸಿತು. ದೇವರಾಜಣ್ಣ ಹುಬ್ಬು ಗಂಟಿಕ್ಕಿ ಹಿಂದಕ್ಕೆ ಕೈಸನ್ನೆ ಮಾಡಿದ. ಚಿನ್ನಸ್ವಾಮಿ ಆಂಪಿನ ಹಿಂದೆ ಬಗ್ಗಿ ಮಾಯವಾದ.

ಗುಂಯ್ ಟಪ್ಪನೆ ನಿಂತಿತು.

ಮತ್ತೆ ಪಿನ್ನು ಮುರಿದುಬಿಟ್ಟ, ಅಂದುಕೊಂಡ ಅಮರ್. ಮುಂದಿನ ಸಾಲು ಇಬ್ಬರೂ ಕೂಡಿ ಹಾಡುವುದು. ಅವನೆದುರಿನ ಮೈಕು ತುಟಿಗೆ ನಾಲ್ಕು ಬೆರಳು ದೂರದಲ್ಲಿತ್ತು, ಬೆರಳು ತಂತಿಯ ಮೇಲಿತ್ತು. ಮಮತ ಮೈಕು ಹಿಡಿದುಕೊಂಡೇ ಅವನತ್ತ ಓಡಿಬಂದಳು. ತಡೆಯಲು ಬರುತ್ತಿದ್ದಾಳೆ, ಬಂದವಳು ಮುಟ್ಟಿಯೇ ಬಿಡುತ್ತಾಳೆ!

"ಮುಟ್ಬೇಡ!" ಎಂದು ಕಿರುಚಿ ಅವನು ಗಿಟಾರಿನ ವೈರು ಕಿತ್ತ. ಸ್ಪೀಕರು ಸಿಡಿಲಿನಂತೆ ಹೊಡೆಯಿತು. ಹಾಡು ಬಿತ್ತು. ಊಟದ ಹಾಲಿನಿಂದಲೂ ಜನ ಇಣುಕಿದರು.

"ಏನ್ ಬಂತೋ ನಿಂಗೆ?" ದೇವರಾಜಣ್ಣ ಹಲ್ಲು ಕಚ್ಚಿದ.

"ಪಿನ್ನು ಕಿತ್ತಿದ್ದಾನಣ್ಣ ಇವನು!"

ಆಂಪಿನ ಹಿಂದಿನಿಂದ ಎದ್ದ ಚಿನ್ನಸ್ವಾಮಿ ಎರಡೂ ಕೈ ಮೇಲೆತ್ತಿದ. "ಅಯ್ಯೋ ಗುರು, ಪಿನ್ನು ಮುಟ್ಟೇ ಇಲ್ಲ ನಾನು. ಗುಂಯ್ ಅಂತಿದ್ದದ್ದು ಸೀರಿಯಲ್ ಸೆಟ್ಟಿಂದ, ಅದನ್ನ ಆಫ್ ಮಾಡ್ದೆ, ಅಷ್ಟೇ. ನೋಡು ಮೇಲೆ."

ನಿಜವೇ. ಕಮಾನು ಕತ್ತಲಾಗಿತ್ತು. ಪ್ಲಗ್ಗಿನ ಮೂರೂ ಪಿನ್ನು ಗೋಡೆಯೊಳಗೆ ಭದ್ರವಾಗಿದ್ದವು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಆಯ್ತಲ್ಲ? ವೈರು ಸಿಗ್ಸು, ಶುರು ಮಾಡು," ಅಂದ ದೇವರಾಜಣ್ಣ.

ಅಮರ್ ವೈರು ಸಿಗಿಸಿದ. ಮಮತ ಅಡ್ಡ ಬಂದಳು. ತನ್ನ ಮೈಕನ್ನು ಚಿನ್ನಸ್ವಾಮಿಯ ಮುಂದೆ ಹಿಡಿದಳು.

"ಚಿನ್ನಸ್ವಾಮಣ್ಣ, ಇದನ್ನ ಒಂದ್ ಕೈಲಿ ಹಿಡ್ಕೊಳ್ಳಿ. ಇನ್ನೊಂದ್ ಕೈಲಿ ಆ ತಂತಿ ಮುಟ್ಟಿ."

"ಅದಕ್ಕೇನಮ್ಮ," ಎಂದು ನಗುತ್ತಲೇ ಅವನು ಮೈಕು ಹಿಡಿದ. ಬಲಗೈ ಚಾಚಿದ. ಕೈ ತಂತಿಯ ಹತ್ತಿರ ಬಂದು ಅಲ್ಲೇ ನಿಂತಿತು. ನಗು ಮುಖದ ಮೇಲೆ ಸ್ವಲ್ಪ ಹೊತ್ತು ಉಳಿದಿತ್ತು, ಆಮೇಲೆ ಅದೂ ಹೋಯಿತು. ಅವನು ತಿರುಗಿ ಗೋಡೆಯ ಸಾಕೆಟ್ಟನ್ನು ನೋಡಿದ.

"ಮುಟ್ಟಿ ಅಣ್ಣ."

"ಪಿನ್ನೇನೋ ಇದೆಯಮ್ಮ," ಅವನ ದನಿ ಇಳಿಯಿತು, "ಈ ಗೋಡೆಯೊಳಗೆ ಅರ್ಥಿಂಗು ಎಳೆದವ್ರೋ ಇಲ್ವೋ, ಯಾರಿಗ್ ಗೊತ್ತು? ಎಷ್ಟೋ ಮಂಟಪದಲ್ಲಿ ತೂತು ಮಾತ್ರ ಇರುತ್ತೆ, ಒಳಗೆ ವೈರೇ ಇರಲ್ಲ."

ಹೊಸ ಪ್ಲಗ್ಗು ಹಾಕಿಸಿದ ಮೇಲೆ ಬಾರಿಸಿದ ಮಂಟಪಗಳೆಲ್ಲ ಅಮರನ ಕಣ್ಣ ಮುಂದೆ ಹಾದುಹೋದವು. ಒಂದೊಂದರಲ್ಲೂ ಮಮತ ಅವನ ಪಕ್ಕದಲ್ಲೇ ನಿಂತಿದ್ದಳು.

ಮಮತ ಮೈಕನ್ನು ವಾಪಸ್ ತೆಗೆದುಕೊಂಡು ಸ್ಟೇಜಿನ ಆ ತುದಿಗೆ ನಡೆದಳು. ಅಲ್ಲಿಂದಲೇ ದೇವರಾಜಣ್ಣನಿಗೆ ಶ್ರುತಿ ಕೊಡುವಂತೆ ತಲೆಯಾಡಿಸಿದಳು. ಕೀಬೋರ್ಡು ಹಿಡಿಯಿತು, ಅವಳು ಒಬ್ಬಳೇ ಎರಡೂ ದನಿಯ ಸಾಲು ಹಾಡತೊಡಗಿದಳು. ಅಮರ್ ಮತ್ತೆ ವೈರು ಕಿತ್ತ. ಕೈಲಿ ಹಿಡಿದುಕೊಂಡ ಅದರ ತುದಿಯನ್ನು ಎಲ್ಲಿಡಬೇಕೆಂದು ತಿಳಿಯದೆ, ಹಾಡು ಮುಗಿಯುವತನಕ ಹಾಗೇ ನಿಂತಿದ್ದ.