ಅಲಗಿನ ಮುಂದೆ ನಾಲ್ಕು ಹೆಜ್ಜೆ

ಮಧ್ಯಾಹ್ನ ಒಂದೂವರೆಗೆ ಮೈಲೊ ಹ್ರುಸ್ಕಾ ಹಿಮ ತೆಗೆಯುವ ಲಾರಿಗಳ ಶೆಡ್ಡಿನ ಫೋನನ್ನು ಕಿವಿಯಿಂದ ತೆಗೆದು, ಎದೆಗೆ ಒತ್ತಿಕೊಂಡು, ಲಾರಿ ಓಡಿಸುವ ಆರ್ಡಿಸ್ ಕಡೆ ತಿರುಗಿದ.

"ಹದಿನಾರನೇ ಮೈಲಿ ಆಸುಪಾಸಲ್ಲಿ ಒಂದು ಕಾರು ನಿಂತ್ಬಿಟ್ಟಿದೆ," ಅಂದ. "ಇಬ್ಬರು ಹೆಂಗಸರು. ಬರ್ನಡೀನ್ ಅನ್ನೋ ಮುದುಕಿ, ಮತ್ತೆ ಅವಳ ಸೊಸೆ. ಬೆಳಿಗ್ಗೆ ಪೇಟೆಗೆ ಬಂದಿದ್ರಂತೆ, ಮುದುಕಿ ಕೂದಲು ಸೆಟ್ ಮಾಡಿಸ್ಕೊಳ್ಳೋಕೆ. ನಾಳೆ ಯಾರದೋ ಮಣ್ಣು ಇದೆಯಂತೆ."

"ಹಿಮ ಬೀಳುತ್ತೆ ಅಂತ ನಿನ್ನೆಯಿಂದ ರೇಡಿಯೊ ಬಡ್ಕೊಳ್ತಾ ಇತ್ತಲ್ಲ!"

"ಬಡ್ಕೊಳ್ತು. ಈಗ ಮುದುಕಿ ನಿದ್ದೆ ಹೋಗಿದಾಳೆ, ಎಬ್ಬಿಸಿದ್ರೆ ಏಳ್ತಾ ಇಲ್ಲ ಅಂತಾಳೆ ಸೊಸೆ."

ಆರ್ಡಿಸ್ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟಳು. "ಎಂಜಿನ್ ಓಡ್ತಾ ಇದೆಯಾ?"

"ಹೂಂ. ಬೆಚ್ಚಗಿರಲಿ ಅಂತ."

ಹಿಮದಲ್ಲಿ ಹೂತ ಕಾರಿನ ಸೈಲೆನ್ಸರ್ ಮುಚ್ಚಿಹೋದರೆ ಹೊಗೆಯಲ್ಲಿನ ವಿಷಗಾಳಿ ಒಳಗೇ ತಿರುಗುತ್ತದೆ. ವಾಸನೆಯಿಲ್ಲ, ಬಣ್ಣವಿಲ್ಲ; ಜನ ಬೆಚ್ಚಗೆ ನಿದ್ದೆ ಹೋಗುತ್ತಾರೆ, ಅಷ್ಟೆ. ಇದು ಉತ್ತರ ಡಕೋಟಾದಲ್ಲಿ ಹುಟ್ಟಿದ ಪ್ರತಿಯೊಬ್ಬರಿಗೂ ಗೊತ್ತು. ಗೊತ್ತಿದ್ದೂ ವರ್ಷಕ್ಕೊಬ್ಬರಾದರೂ ಹಾಗೇ ಹೋಗುತ್ತಾರೆ.

ಹಿಮ ತೆಗೆಯುವ ಲಾರಿಗಳನ್ನೆಲ್ಲ ಹನ್ನೊಂದು ಗಂಟೆಗೇ ವಾಪಸು ಕರೆಸಿಯಾಗಿತ್ತು. ಹೊಸ ಹಿಮ ಬೀಳುತ್ತಿರಲಿಲ್ಲ. ರಾತ್ರಿ ಬಿದ್ದದ್ದನ್ನೇ ಗಾಳಿ ನೆಲದಿಂದೆಬ್ಬಿಸಿ ಆಳೆತ್ತರಕ್ಕೆ ತೂರುತ್ತಿತ್ತು. ತಲೆಯೆತ್ತಿದರೆ ನೀಲಿ ಆಕಾಶ, ಸೂರ್ಯ. ಕಣ್ಣೆದುರು ಮಾತ್ರ ಹಾಲಿನೊಳಗೆ ಮುಳುಗಿದ ಹಾಗೆ, ಚಾಚಿದ ಕೈ ಕಾಣದು. ಲಾರಿ ಮುಂದೆ ದಾರಿ ಮಾಡಿಕೊಡದೆ ಆಂಬುಲೆನ್ಸ್ ಹೊರಡುವ ಮಾತೇ ಇರಲಿಲ್ಲ.

"ಹೋಗು ಅಂತ ನಾನು ಹೇಳಲ್ಲ, ಆರ್ಡಿ," ಅಂದ ಮೈಲೊ. "ಹೋಗಬೇಡ ಅನ್ನೋಕೂ ಬಾಯಿ ಬರ್ತಿಲ್ಲ."

"ಆ ಹುಡುಗಿಗೆ ಮೊದಲು ಎಂಜಿನ್ ಆಫ್ ಮಾಡೋಕೆ ಹೇಳು. ಗಾಳಿ ಬೀಸದಿರೋ ಕಡೆ ಕಿಟಕಿ ನಾಲ್ಕು ಬೆರಳು ಇಳಿಸ್ಲಿ. ಚಳಿಗೆ ಸೆಟೆದು ಸಾಯ್ತೀವಿ ಅಂತಾಳೆ. ಸೆಟೆಯೋಕೆ ಇನ್ನೂ ಹೊತ್ತಿದೆ, ಹೊಗೆ ಅಷ್ಟು ಹೊತ್ತು ಕೊಡಲ್ಲ ಅನ್ನು."

ಆರ್ಡಿಸ್‌ಗೆ ಐವತ್ತೆಂಟು. ಲಾರಿ ಹತ್ತುವಾಗ ಮೊಣಕಾಲು ನೋಯುತ್ತಿತ್ತು. ಅವಳ ಹೆದರಿಕೆ ಹಿಮದ್ದಲ್ಲ, ಗಾಳಿಯದ್ದೂ ಅಲ್ಲ. ಲಾರಿಯ ಮೂತಿಗಿದ್ದ ಹಿಮ ತಳ್ಳುವ, ಹನ್ನೆರಡು ಅಡಿ ಅಗಲದ ಕಬ್ಬಿಣದ ಅಲಗಿನದು. ಎರಡು ಚಳಿಗಾಲದ ಹಿಂದೆ ಅವಳ ಜೊತೆಗಾರ ಡೆಲ್ಬರ್ಟ್ ಹೀಗೇ ಕಣ್ಣು ಕಾಣದ ಹೊತ್ತಲ್ಲಿ ಹಿಮದ ಗುಡ್ಡೆಯೆಂದುಕೊಂಡು ಒಂದು ಕಾರನ್ನು ಅಲಗಿನಿಂದ ಸೀಳಿಬಿಟ್ಟಿದ್ದ. ಕಾರಿನಲ್ಲಿ ಯಾರೂ ಇರಲಿಲ್ಲ. ಆದರೆ ಅದು ಗೊತ್ತಾಗುವುದಕ್ಕೆ ಇಪ್ಪತ್ತು ನಿಮಿಷ ಹಿಡಿದಿತ್ತು. ಆ ಇಪ್ಪತ್ತು ನಿಮಿಷ ಅವನು ಬರಿಗೈಯಲ್ಲಿ ಹಿಮ ಬಗೆದಿದ್ದ. ಆಮೇಲೆ ಅವನು ಲಾರಿ ಹತ್ತಲಿಲ್ಲ.

ಊರಾಚೆ ರಸ್ತೆಗೆ ಅಡ್ಡ ಹಾಕಿದ್ದ ಗೇಟು ತೆಗೆಸಿ ಅವಳು ಒಳನುಗ್ಗಿದಳು. ಮುಂದೆ ದಾರಿ ತೆರವಾಯಿತೆಂದು ಕರೆ ಬರುವ ತನಕ ಆಂಬುಲೆನ್ಸ್ ಗೇಟಿನಲ್ಲೇ ನಿಲ್ಲಬೇಕಿತ್ತು. ಕನ್ನಡಿಯಲ್ಲಿ ನೋಡಿದರೆ ಎರಡು ದೀಪ ಹಿಂದೆಯೇ ನುಸುಳಿ ಬಂದವು. ಆಂಬುಲೆನ್ಸ್ ಅಲ್ಲ. ಯಾವುದೋ ಪಿಕಪ್.

"ಮೈಲೊ, ಯಾವನೋ ಒಬ್ಬ ನನ್ನ ಬೆನ್ನಿಗಂಟಿದಾನೆ," ಅಂದಳು ಲಾರಿಯ ರೇಡಿಯೊದಲ್ಲಿ.

"ಗೇಟಿನವರು ಕೂಗ್ಕೊಂಡ್ರಂತೆ, ಕೇಳ್ಲಿಲ್ಲವಂತೆ. ನೀನು ದಾರಿ ಮಾಡ್ತೀಯಲ್ಲ, ಹಿಂದೆ ಹೋದ್ರೆ ಕ್ಷೇಮ ಅಂದ್ಕೊಂಡಿರ್ತಾನೆ, ಹೆಡ್ಡ."

ಹತ್ತನೇ ಮೈಲಿ ದಾಟುವಷ್ಟರಲ್ಲಿ ಆ ದೀಪಗಳು ಕಾಣಿಸಲಿಲ್ಲ. ಹೆದರಿ ಹಿಂದಿರುಗಿರಬೇಕು ಅಂದುಕೊಂಡಳು.

ಅಲ್ಲಿಂದ ಮುಂದೆ ರಸ್ತೆಯೆಂಬುದೇ ಇರಲಿಲ್ಲ. ರಸ್ತೆಯಂಚಿನ ಡಾಂಬರಿನಲ್ಲಿ ಕೊರೆದ ಗೀರುಗಳ ಮೇಲೆ ಬಲಗಡೆ ಚಕ್ರ ಹತ್ತಿದಾಗ ಕಾಲಡಿಯಲ್ಲಿ ಗುರ್ರೆನ್ನುತ್ತಿತ್ತು. ಅದೊಂದನ್ನೇ ಹಿಡಿದುಕೊಂಡು, ನಡೆಯುವವರ ವೇಗದಲ್ಲಿ ಸಾಗಿದಳು. ಕಿಟಕಿ ಇಳಿಸಿದ್ದರಿಂದ ಎಡಗೆನ್ನೆಯ ಸ್ಪರ್ಶವೇ ಹೋಗಿತ್ತು. ಹಾರನ್ ಕೇಳಿಸೀತೆಂದು ಆಲಿಸಿದಳು. ಗಾಳಿ ಬಿಟ್ಟರೆ ಬೇರೇನೂ ಇಲ್ಲ. ದಿಟ್ಟಿಸಿ ದಿಟ್ಟಿಸಿ ಆ ಬಿಳಿಯಲ್ಲಿ ಇಲ್ಲದ್ದೆಲ್ಲ ಕಾಣತೊಡಗಿತು: ಒಂದು ಸಲ ಕುದುರೆ, ಒಂದು ಸಲ ಕೈಯೆತ್ತಿ ನಿಂತ ಹೆಂಗಸು. ಎರಡು ಸಲವೂ ಬ್ರೇಕ್ ಒತ್ತಿ, ಏನೂ ಇಲ್ಲವೆಂದು ತಿಳಿದ ಮೇಲೂ ಕಾಲು ತೆಗೆಯಲು ಧೈರ್ಯ ಬರಲಿಲ್ಲ.

"ಮೈಲೊ, ಆ ಹುಡುಗಿ ಫೋನಲ್ಲಿ ಇದಾಳಾ?"

"ಇದಾಳೆ. ಹೆಸರು ಜೊವೆಲ್. ಬ್ಯಾಟರಿ ಮುಗೀತಾ ಬಂದಿದೆ. ತಲೆ ಸಿಡೀತಿದೆ, ಅತ್ತೆ ಕೈ ತಣ್ಣಗಾಗ್ತಿದೆ ಅಂತಾಳೆ. ನೀನು ಎಲ್ಲಿದೀಯ?"

"ಹದಿನೈದು ದಾಟಿರಬೇಕು. ಅವರ ಕಾರು ಬಲಗಡೆ ಅಂಚಲ್ಲಿ ಇದೆಯಾ, ಕೇಳು."

ಸ್ವಲ್ಪ ಹೊತ್ತು ರೇಡಿಯೊ ಕರಕರ ಅಂದಿತು. "ಗೊತ್ತಿಲ್ಲವಂತೆ. ಎರಡು ಸುತ್ತು ಗಿರ್ರನೆ ತಿರುಗಿ ನಿಂತ್ವಿ ಅಂತಾಳೆ."

ಆರ್ಡಿಸ್ ಬ್ರೇಕ್ ಒತ್ತಿದಳು. ಅಂದರೆ ಕಾರು ಎಲ್ಲಿ ಬೇಕಾದರೂ ಇರಬಹುದು. ರಸ್ತೆ ನಡುವೆ, ತನ್ನ ಮುಂದೆ, ಈ ಕ್ಷಣ.

"ಆರ್ಡಿ!" ಮೈಲೊನ ದನಿ ಕೀರಲಾಯಿತು. "ಕಬ್ಬಿಣ ಉಜ್ಜೋ ಸದ್ದು ಕೇಳ್ತಿದೆಯಂತೆ ಅವಳಿಗೆ! ನಿಲ್ಲಿಸು!"

ಅವಳಾಗಲೇ ನಿಲ್ಲಿಸಿದ್ದಳು. ಅಲಗನ್ನು ನೆಲಕ್ಕೆ ಊರಿ, ಕೈಬ್ರೇಕ್ ಎಳೆದು, ಸ್ಟೀರಿಂಗಿಗೆ ಹಣೆಯಿಟ್ಟಳು. ಕೆಳಗಿಳಿದು ನೋಡಬೇಕು. ನೋಡಿದರೆ ಏನು ಕಾಣುತ್ತದೋ. ಅಲಗಿಗೆ ಏನಾದರೂ ತಾಗಿದ್ದರೆ ತನಗೆ ಗೊತ್ತಾಗುತ್ತಿತ್ತೇ? ಡೆಲ್ಬರ್ಟನಿಗೂ ಗೊತ್ತಾಗಿರಲಿಲ್ಲ.

ಲಾರಿಯ ಬಾಗಿಲಿಗೆ ಹಗ್ಗ ಕಟ್ಟಿ, ಇನ್ನೊಂದು ತುದಿ ಸೊಂಟಕ್ಕೆ ಬಿಗಿದು ಇಳಿದಳು. ಇಂಥ ಗಾಳಿಯಲ್ಲಿ ಲಾರಿಯಿಂದ ಹತ್ತು ಹೆಜ್ಜೆ ದೂರ ಹೋದವರು ಮತ್ತೆ ಲಾರಿ ಹುಡುಕಲಾರದೆ ಸತ್ತದ್ದುಂಟು. ಅಲಗನ್ನು ತಡವುತ್ತಾ ಮುಂದೆ ಬಂದು, ಕೈ ಚಾಚಿ ಕುರುಡಿಯ ಹಾಗೆ ನಡೆದಳು. ಒಂದು. ಎರಡು. ಮೂರು. ನಾಲ್ಕನೆಯ ಹೆಜ್ಜೆಗೆ ಮೊಣಕಾಲಿಗೆ ಏನೋ ತಾಗಿತು. ಕಾರಿನ ಮೂತಿ. ಊರಿನ ಕಡೆಗೇ ಮುಖ ಮಾಡಿ, ರಸ್ತೆಯ ನಟ್ಟನಡುವೆ, ಬಾನೆಟ್ಟಿನ ತನಕ ಹೂತು ನಿಂತಿತ್ತು.

ನಾಲ್ಕು ಹೆಜ್ಜೆ.

ಕೈಯಿಂದ ಹಿಮ ಬಗೆದು ಬಾಗಿಲು ತೆರೆದಳು. ಜೊವೆಲ್ ಹೊರಗೆ ಬಿದ್ದೇಬಿಟ್ಟಳು. ಮೂವತ್ತರೊಳಗಿನ ಹೆಣ್ಣು, ಮುಖವೆಲ್ಲ ಕಣ್ಣೀರು ಹೆಪ್ಪುಗಟ್ಟಿತ್ತು.

"ಬೇಡ ಅಂದೆ ರೀ, ಬೇಡ ಅಂದೆ! ನನ್ನ ಮಾತು ಎಲ್ಲಿ ಕೇಳ್ತಾರೆ? ಕೆದರಿದ ತಲೇಲಿ ಮಣ್ಣಿಗೆ ಹೋಗೋಕಾಗುತ್ತಾ ಅಂದ್ರು!"

"ಅಳೋದು ಆಮೇಲೆ ಕಣಮ್ಮ. ಈ ಹಗ್ಗ ಹಿಡ್ಕೊ. ಬಿಡಬೇಡ. ಹಗ್ಗ ಎಲ್ಲಿಗೆ ಹೋಗುತ್ತೋ ಅಲ್ಲಿ ಲಾರಿ ಇದೆ. ಹತ್ತಿ ಕೂತ್ಕೊ."

"ಅತ್ತೆ?"

"ನಾನು ತರ್ತೀನಿ. ನಡಿ."

ಬರ್ನಡೀನ್ ಸಣ್ಣ ದೇಹದವಳಲ್ಲ. ಕೆನ್ನೆ ಗುಲಾಬಿಯಾಗಿ ಹೊಳೆಯುತ್ತಿತ್ತು; ವಿಷಗಾಳಿ ಕುಡಿದವರ ಆ ಹೊಳಪೇ ಆರ್ಡಿಸ್‌ಳನ್ನು ಹೆಚ್ಚು ಹೆದರಿಸಿತು. ಮೂಗಿನ ಕೆಳಗೆ ಬೆರಳಿಟ್ಟರೆ ಬಿಸಿ ಗಾಳಿ ಬಂತೋ ಇಲ್ಲವೋ, ಮರಗಟ್ಟಿದ ಬೆರಳಿಗೆ ತಿಳಿಯಲಿಲ್ಲ. ಕಂಕುಳಿಗೆ ಕೈ ಹಾಕಿ ಎಳೆದಳು. ಹಿಮದ ಮೇಲೆ ಇಬ್ಬರೂ ಮಗುಚಿಬಿದ್ದರು. ಎದ್ದು ಮತ್ತೆ ಎಳೆದಳು. ಕಾರಿಗೂ ಅಲಗಿಗೂ ನಡುವೆ ಬಂದಾಗ ಕೈಸೋತು ಅರೆಗಳಿಗೆ ನಿಂತಳು.

ಆಗ ಲಾರಿಯ ಆಚೆಯಿಂದ ಢಮಾರ್ ಎಂದು ಸದ್ದಾಯಿತು.

ರಸ್ತೆಗೆ ಚೆಲ್ಲುವ ಹನ್ನೆರಡು ಟನ್ ಉಪ್ಪುಮರಳು ಹೊತ್ತ ಲಾರಿ ಮಂಜುಗಡ್ಡೆಯ ಮೇಲೆ ಜಾರಿತು. ಅಲಗು ಕಿರ್ರನೆ ಕಿರುಚುತ್ತಾ ಅವಳ ಕಡೆಗೇ ಬಂತು. ಓಡಲು ಜಾಗವಿಲ್ಲ, ಹಿಂದೆ ಕಾರು. ಅವಳು ಮುದುಕಿಯ ಮೇಲೆ ಅಡ್ಡಬಿದ್ದು ಕಣ್ಣು ಮುಚ್ಚಿದಳು. ಬಾಯಿಂದ ಬಂದದ್ದು ದೇವರ ಹೆಸರಲ್ಲ, "ಅಮ್ಮಾ" ಎಂಬ ಕೂಗು. ಅವಳ ತಾಯಿ ಸತ್ತು ಇಪ್ಪತ್ತು ವರ್ಷವಾಗಿತ್ತು.

ಸದ್ದು ನಿಂತಿತು. ಕಣ್ಣು ತೆರೆದಾಗ ಅಲಗು ಬರ್ನಡೀನಳ ಬೂಟಿನಿಂದ ಒಂದು ಮೊಳ ದೂರದಲ್ಲಿತ್ತು.

"ಯಾರಾದ್ರೂ ಇದೀರಾ?" ಗಂಡಸಿನ ದನಿ. "ನನಗೆ ಏನೂ ಕಾಣ್ಲಿಲ್ಲ! ದೇವರಾಣೆ, ಏನೂ ಕಾಣ್ಲಿಲ್ಲ!"

ಲಾರಿಯ ಪಕ್ಕ ತಡವಿಕೊಂಡು ಒಬ್ಬ ಬಂದ. ನಲವತ್ತರ ಆಸುಪಾಸು, ಮೂಗಿನಿಂದ ರಕ್ತ ಸೋರಿ ಗಡ್ಡದಲ್ಲಿ ಹೆಪ್ಪುಗಟ್ಟುತ್ತಿತ್ತು.

"ನನ್ನ ಬೆನ್ನಿಗಂಟಿ ಬಂದ ಗಂಡು ನೀನೇನಾ?" ಆರ್ಡಿಸ್ ಕಿರುಚಿದಳು. ಹೆದರಿಕೆಯೆಲ್ಲ ಒಮ್ಮೆಲೇ ಸಿಟ್ಟಾಗಿ ಉಕ್ಕಿತು. "ಕಣ್ಣು ಕಾಣದಿದ್ರೆ ಮನೇಲಿ ಬಿದ್ದಿರೋಕೆ ಏನಾಗಿತ್ತು ನಿನಗೆ? ಇನ್ನೊಂದು ಮೊಳ ಆಗಿದ್ರೆ ನಮ್ಮಿಬ್ಬರನ್ನೂ ಅರೆದುಬಿಡ್ತಿದ್ದೆ!"

ಅವನು ನೆಲದ ಮೇಲಿದ್ದ ಮುದುಕಿಯನ್ನು ನೋಡಿದ. ಅಲಗನ್ನು ನೋಡಿದ.

"ನಿಂತ್ಕೊಂಡು ಏನ್ ನೋಡ್ತೀಯ? ಕಾಲು ಹಿಡಿ!"

ಹಿಡಿದ. ಹೆಸರು ವೇಡ್, ಧಾನ್ಯ ಒಣಗಿಸುವ ಯಂತ್ರ ಮಾರುವವನು ಎಂಬುದೆಲ್ಲ ಆಮೇಲೆ ತಿಳಿದದ್ದು. ಆ ಹೊತ್ತಿಗೆ ಅವನು ಎರಡು ಕೈ, ಒಂದು ಬೆನ್ನು, ಅಷ್ಟೆ. ಮೆಟ್ಟಿಲ ಮೇಲೆ ಅವನು ಕೆಳಗಿನಿಂದ ನೂಕಿದ, ಜೊವೆಲ್ ಮೇಲಿನಿಂದ ಎಳೆದಳು, ಆರ್ಡಿಸ್ ನಡುವೆ ಹೆಗಲು ಕೊಟ್ಟಳು. ಇಬ್ಬರು ಕೂರುವ ಜಾಗದಲ್ಲಿ ನಾಲ್ವರು ತುರುಕಿಕೊಂಡರು. ಲಾರಿಯ ಹೊಗೆ ಕೊಳವೆ ಮೇಲಕ್ಕಿದ್ದುದರಿಂದ ಮುಚ್ಚಿಹೋಗುವ ಭಯವಿರಲಿಲ್ಲ. ಆದರೂ ಆರ್ಡಿಸ್ ಕಿಟಕಿ ಪೂರ್ತಿ ಇಳಿಸಿ ಮುದುಕಿಯ ಮುಖವನ್ನು ಗಾಳಿಗೊಡ್ಡಿ ಹಿಡಿದಳು.

"ಉಸಿರಾಡಿ, ಅತ್ತೆ, ಉಸಿರಾಡಿ," ಎಂದು ಜೊವೆಲ್ ಅವಳ ಕೆನ್ನೆ ತಟ್ಟುತ್ತಿದ್ದಳು. "ಇನ್ನು ಯಾವತ್ತೂ ಎದುರಾಡಲ್ಲ. ಎದ್ದೇಳಿ."

ಎಷ್ಟು ಹೊತ್ತೋ. ಹಿಂದಿನಿಂದ ಇನ್ನೊಂದು ಗಾಡಿ ಬಂದರೆ ಎಂದು ಆರ್ಡಿಸ್ ಕನ್ನಡಿಯಿಂದ ಕಣ್ಣು ಕೀಳಲಿಲ್ಲ. ವೇಡ್ ಮೊಣಕಾಲ ನಡುವೆ ತಲೆ ಹುದುಗಿಸಿ ಕೂತಿದ್ದ. ಆಮೇಲೆ ಬರ್ನಡೀನ್ ಒಮ್ಮೆ ಗೊರ್ರೆಂದು ಉಸಿರೆಳೆದು, ಅವನ ಕೋಟಿನ ಮೇಲೆಲ್ಲ ವಾಂತಿ ಮಾಡಿದಳು. ಅರೆಗಣ್ಣು ತೆರೆದು, ಕೈ ತಲೆಗೆ ಒಯ್ದಳು.

"ನನ್ನ ಕೂದಲು..." ಅಂದಳು.

"ಹಾಳಾಗಿಹೋಯ್ತು ನಿಮ್ಮ ಕೂದಲು!" ಎಂದು ಜೊವೆಲ್ ಗೊಳೋ ಎಂದು ಅತ್ತಳು. ವೇಡ್ ನಗಲು ಹೋಗಿ ತಾನೂ ಅತ್ತುಬಿಟ್ಟ. ಆರ್ಡಿಸ್‌ಗೆ ಎರಡೂ ಬರಲಿಲ್ಲ.

ನಾಲ್ಕರ ಹೊತ್ತಿಗೆ ಗಾಳಿ ತುಸು ತಗ್ಗಿತು. ಆರ್ಡಿಸ್ ರೇಡಿಯೊದಲ್ಲಿ ಕರೆಸಿದ್ದ ಇನ್ನೊಂದು ಲಾರಿಯ ಹಿಂದೆ ಆಂಬುಲೆನ್ಸ್ ಮೆಲ್ಲಗೆ ಬಂತು. ಆಮ್ಲಜನಕದ ಮುಖವಾಡ ಹಾಕುವಾಗ ಬರ್ನಡೀನ್ ಆಂಬುಲೆನ್ಸಿನವರೊಂದಿಗೆ ಜಗಳವಾಡುವಷ್ಟು ಚೇತರಿಸಿಕೊಂಡಿದ್ದಳು. ಮೂರು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಹೋದಳು. ಆ ಮಣ್ಣಿಗೆ ಮಾತ್ರ ಹೋಗಲಾಗಲಿಲ್ಲ.

ಆರ್ಡಿಸ್ ಶೆಡ್ಡಿಗೆ ಮರಳಿದಾಗ ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ. ಬೆಂಚಿನ ಮೇಲೆ ಕೂತು ಬೂಟಿನ ಲಾಡಿ ಬಿಚ್ಚಲು ಬಗ್ಗಿದಳು. ಗಂಟು ಸಡಿಲವಾಗಲಿಲ್ಲ. ನಿಲ್ಲಿಸಿ ಮತ್ತೆ ನೋಡಿದಳು. ಆಗಲಿಲ್ಲ. ಲಾಡಿಯ ತುದಿಯನ್ನೇ ಹಿಡಿಯಲಾಗಲಿಲ್ಲ.

ಮೈಲೊ ಬಂದು ಅವಳೆದುರು ಮೊಣಕಾಲೂರಿ ಕೂತ. ಮಂಜು ಕಟ್ಟಿದ ಲಾಡಿಯನ್ನು ಬಿಡಿಸತೊಡಗಿದ. ಒಂದು ಬೂಟು ತೆಗೆದು ಪಕ್ಕಕ್ಕಿಟ್ಟು ಕೇಳಿದ:

"ಬೆಳಿಗ್ಗೆ ಮತ್ತೆ ಬೀಳುತ್ತಂತೆ. ಬರ್ತೀಯಾ?"

"ಗೊತ್ತಿಲ್ಲ ಮೈಲೊ," ಅಂದಳು. "ಇನ್ನೊಂದು ಬೂಟು ಬಿಚ್ಚು."