ಕನ್ನಡಿಗೆ ಬಳಿದ ವಿಭೂತಿ

ಲ್ಯಾಬಿನ ಬಾಗಿಲು ತೆಗೆದ ಗಂಗೋತ್ರಿ ಹೊಸ್ತಿಲಲ್ಲೇ ನಿಂತುಬಿಟ್ಟಳು. ಲೇಸರ್ ಮೇಜಿನ ಮೇಲಿನ ಪುಟ್ಟ ಪುಟ್ಟ ಕನ್ನಡಿಗಳೆಲ್ಲ ಮೂರು ಬೆರಳಿನ ವಿಭೂತಿ ಧರಿಸಿ ಕೂತಿದ್ದವು. ನಡುವಿನ ಹರಳಿಗೆ ಕುಂಕುಮದ ಬೊಟ್ಟೂ ಬಿದ್ದಿತ್ತು.

ಬಳ್ಳಾರಿ ಕಂಟೋನ್ಮೆಂಟಿನ ಆ ಕಾಲೇಜಿನಲ್ಲಿ ಅವಳ ಪಿಎಚ್‌ಡಿ ಎಂಬುದೆಲ್ಲ ಆ ಮೇಜಿನ ಮೇಲಿತ್ತು. ಹರಳಿನಿಂದ ಹೊರಟ ಬೆಳಕಿನ ಮಿಡಿತಗಳನ್ನು ಒಂದಕ್ಕೊಂದು ಹೆಣೆಯಬೇಕು. ಮೇಜನ್ನು ದೊಡ್ಡದು ಮಾಡದೆ ಆ ಸರಪಳಿಯನ್ನಷ್ಟೇ ಉದ್ದ ಮಾಡುತ್ತ ಹೋಗಬೇಕು. ಕ್ವಾಂಟಮ್ ಕಂಪ್ಯೂಟರಿಗೆ ಬೇಕಾದದ್ದು ಅಂಥ ಸರಪಳಿ. ದಾರಿಯಲ್ಲಿ ಚೂರು ಬೆಳಕು ಸೋರಿದರೂ ನಂಟು ಹರಿಯುತ್ತದೆ. ಅಂದು ಮಧ್ಯಾಹ್ನವೇ ಬೆಂಗಳೂರಿನ ತಜ್ಞರು ಅದನ್ನು ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಪ್ರಯೋಗ ಉಳಿಯುತ್ತದೆ, ಇಲ್ಲದಿದ್ದರೆ ಮುಚ್ಚುತ್ತದೆ.

“ಯಾರು ಸರ್ ಇದನ್ನ ಮಾಡಿದ್ದು?”

“ಮೊನ್ನೆ ಆಯುಧ ಪೂಜಿ ಇತ್ತಲ್ಲೇನವ್ವ,” ಎಂದರು ಹಿಂದೆಯೇ ಬಂದ ವಿಭಾಗದ ಮುಖ್ಯಸ್ಥ ಶಶಿಕಾಂತ್. “ಸಿರುಗುಪ್ಪದಿಂದ ನಮ್ಮ ಕಾಲೇಜಿನ ಚೇರ್ಮನ್ನರು ಬಂದಿದ್ರು. ತಮ್ಮ ಅಕ್ಕಿ ಮಿಲ್ಲಿನಾಗ ಹೆಂಗ ಮಾಡ್ತಾರ, ಹಂಗ ಎಲ್ಲಾದಕ್ಕೂ ತಾವೇ ಹಚ್ಚಿದ್ರು. ಬ್ಯಾಡ ಅನ್ನಾಕ ನನಗ ಬಾಯಿ ಬರಲಿಲ್ಲ. ಅದಕ್ಕೂ ಮೊದಲ ಅಟೆಂಡರು ಸೋಪಿನ ನೀರಾಗ ಎಲ್ಲಾ ತಿಕ್ಕಿ ಒರೆಸಿದ್ದ. ನೀ ಇದ್ದಿದ್ರ ತಡೀತಿದ್ದಿ. ಯಾಕ ಬರಲಿಲ್ಲ?”

ಗಂಗೋತ್ರಿ ಒಂದು ಕನ್ನಡಿಯ ಮೇಲೆ ಬಾಗಿ ನೋಡಿದಳು. ಪೂಜೆಯ ದಿನ ಅವಳು ಮುಟ್ಟಾಗಿದ್ದಳು. ಕುರುಗೋಡಿನ ಮನೆಯಿಂದ ಬಸ್ಸಿಗೆ ಹೊರಟವಳನ್ನು ತಾಯಿ ಶಿವಬಸಮ್ಮ ತಡೆದಿದ್ದಳು. ಪೂಜೆಗಿಟ್ಟ ಮಷೀನಿನ ಹತ್ತಿರ ಸುಳಿಯಬಾರದಂತೆ. ಸೂತಕಗಳನ್ನೆಲ್ಲ ಶರಣರು ಅಂದೇ ಕಿತ್ತೆಸೆದರೆಂದು ಜಂಬ ಕೊಚ್ಚುವ ಮನೆ ಅದು. ಮಗಳಿಗೆ ನಗು ಬಂದಿತ್ತು. ಆದರೂ ಹಬ್ಬದ ದಿನ ಜಗಳ ಯಾಕೆಂದು ಚಪ್ಪಲಿ ಬಿಟ್ಟು ಒಳಗೆ ಹೋಗಿದ್ದಳು. ಈಗ ಅದನ್ನು ನೆನೆದು ತನ್ನ ಮೇಲೇ ಅಸಹ್ಯವಾಯಿತು.

ತಿಕ್ಕಿದ್ದಕ್ಕೆ ಕನ್ನಡಿಗಳ ಲೇಪದಲ್ಲಿ ಗೀರುಗಳೆದ್ದು ಬೆಳಕು ಸೋರುತ್ತಿತ್ತು. ಎಷ್ಟು ಶುಚಿ ಮಾಡಿದರೂ ಪರದೆಯ ಮೇಲೆ ಅಡ್ಡಾದಿಡ್ಡಿ ಗೆರೆಗಳಷ್ಟೇ ಓಡಾಡಿದವು. ತಜ್ಞರು ಮರ್ಯಾದೆಗೆಂದು ಕಾಫಿ ಕುಡಿದರು. “ಸರಪಳಿ ಇರಲಿ, ಒಂದು ಜೋಡಿನೂ ಕಾಣ್ತಿಲ್ಲವಲ್ಲಮ್ಮ,” ಎಂದು ಒಬ್ಬರು ಮೆಲ್ಲಗೆ ಹೇಳಿದರು. ಪ್ರಯೋಗ ನಿಲ್ಲಿಸುವುದೆಂದು ಹೇಳಿ ಕಾರು ಹತ್ತಿದರು.

ಸಂಜೆ ಫೋನಿನಲ್ಲಿ ಸುದ್ದಿ ಕೇಳಿ ಶಿವಬಸಮ್ಮ ಲೊಚಗುಟ್ಟಿದಳು. ಆಮೇಲೆ ಅವಳ ದನಿ ಹಗುರಾಯಿತು.

“ಪುಣ್ಯ ಬಿಡವ್ವ, ಅವತ್ತು ನೀ ಹೋಗಲಿಲ್ಲ. ಹೋಗಿ ಮುಟ್ಟಿದ್ರ, ನನ್ನಿಂದನ ಮಷೀನು ಕೆಟ್ಟಾವು ಅಂತ ಸಾಯೂತನಕ ಕೊರಗತಿದ್ದಿ.”

“ಹೌದವ್ವ,” ಎಂದಳು ಗಂಗೋತ್ರಿ.

ಇನ್ನೊಂದು ಕೈಯಿಂದ ಕೀಲಿ ತಿರುಗಿಸಿ ಲೇಸರನ್ನು ಆರಿಸಿದಳು. ಅದರ ಫ್ಯಾನು ಇನ್ನೂ ಸ್ವಲ್ಪ ಹೊತ್ತು ತಿರುಗಿ ನಿಂತಿತು.