ಗ್ರಹಣಕ್ಕೆ ಕತ್ತರಿಸಿದ ಎಕ್ಸ್‌ರೇ

ನೋವಿಲ್ಲದಾಗ ಆಸ್ಪತ್ರೆಯ ಮೆಟ್ಟಿಲು ಹತ್ತುವುದೆಂದರೆ ಮಲಗಿದ ಹಾವನ್ನು ಕೆಣಕಿದಂತೆ ಎಂಬುದು ತ್ಯಾಗರಾಜನಗರದ ಸರಸ್ವತಮ್ಮನವರ ನಂಬಿಕೆ. ಹನ್ನೆರಡು ವರ್ಷದ ಹಿಂದೆ ಅವರ ಸೊಂಟದ ಎಡಗೀಲನ್ನು ಬದಲಾಯಿಸಿದ್ದರು. ಅಂದಿನಿಂದ ಕೋಲಿಲ್ಲದ ನಡಿಗೆ. ತಪಾಸಣೆಗೆ ಬನ್ನಿ ಎಂದರೆ ಮಾತ್ರ ಅವರಿಗೆ ಯಾವಾಗಲೂ ಬೇರೆ ಕೆಲಸವಿರುತ್ತಿತ್ತು.

ಮಹಡಿಯ ಬಾಡಿಗೆಮನೆಗೆ ಬಂದ ಕಲಬುರಗಿಯ ಮಧುಮತಿ ಫಿಸಿಯೋಥೆರಪಿಸ್ಟ್. ಕೆಳಗೆ ಹಿರಿಯರು ಮಲಗಿರುತ್ತಾರೆಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಮೆಟ್ಟಿಲಿಳಿಯುವ ಹುಡುಗಿ.

"ಆಂಟಿ, ಎಕ್ಸ್‌ರೇ ತೆಗಿಸಿ ಎಷ್ಟು ದಿನ ಆತ್ರಿ?"

"ನೋವೇ ಇಲ್ವಲ್ಲಮ್ಮ. ಒಳಗಿರೋದು ಟೈಟಾನಿಯಂ, ಅದಕ್ಕೇನಾಗತ್ತೆ?"

"ಅದಕ್ಕಲ್ರಿ, ಅದನ್ನ ಹಿಡ್ಕೊಂಡಿರೋ ಎಲುಬಿಗೆ ಆಗ್ತದ. ಹಳೇ ಫಿಲಂ ಐತೇನ್ರಿ? ಹೊಸದರ ಜೋಡಿ ಇಟ್ಟು ನೋಡಬೇಕು."

ಸರಸ್ವತಮ್ಮನವರ ಯಜಮಾನರು ಶಾಮಣ್ಣ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು. "ಇದೆ... ಅಂದ್ರೆ, ಮಿಕ್ಕಿದ್ದು ಇದೆ. ಗ್ರಹಣ ನೋಡೋಕೆ ಕಪ್ಪಗಿರೋ ಮೂಲೆಗಳನ್ನ ಕತ್ತರಿಸ್ಕೊಂಡೆ."

"ಅಯ್ಯ ಅಂಕಲ್! ಅದರಾಗ ಸೂರ್ಯನ್ನ ನೋಡಿದ್ರ ಕಣ್ಣು ಹೋಗ್ತಾವ್ರಿ!"

"ಕಣ್ಣು ಉಳೀತು, ಈಗ ಮಾನ ಹೋಯ್ತು," ಎಂದರು ಸರಸ್ವತಮ್ಮ.

ನಗುವಿನಲ್ಲೇ ಒಪ್ಪಿದರು. ಮರುದಿನ ಜಯನಗರದ ಆಸ್ಪತ್ರೆಯಲ್ಲಿ ಡಾಕ್ಟರ್ ಶುಭಾ ಹೊಸ ಎಕ್ಸ್‌ರೇ ತೆಗೆಸಿ, ಮೂಲೆಯಿಲ್ಲದ ಹಳೆಯ ಫಿಲಂನ ಪಕ್ಕ ಇಟ್ಟರು. ಗ್ರಹಣಕ್ಕೆ ಬೇಡವಾದ ಬಿಳಿಯ ಭಾಗದಲ್ಲಿ ಕೀಲು ಹಾಗೇ ಉಳಿದಿತ್ತು.

"ನೋಡಿ ಆಂಟಿ, ತೊಡೆ ಮೂಳೆಯೊಳಗಿನ ಈ ಕಡ್ಡಿಯ ಮೈಯಲ್ಲಿ ಇಡ್ಲಿ ಥರ ಸಣ್ಣ ಸಣ್ಣ ತೂತು ಇರತ್ತೆ. ನಿಮ್ಮ ಮೂಳೆ ಅದರೊಳಕ್ಕೆ ಬೆಳೆದು ಹಿಡ್ಕೊಂಡಿದೆ."

"ಮೂಳೆ ಬೆಳೀತಾ? ಅರವತ್ತರ ಮೇಲೆ?"

"ಬೆಳೀತು. ಮೂಳೆ ತೀರಾ ಸೊರಗಿದ್ದವರಿಗೆ ಮೂಳೆಗಂತಲೇ ಇರೋ ಸಿಮೆಂಟ್ ಹಾಕಿ ಕೂರಿಸ್ತೀವಿ, ಅದೂ ಒಳ್ಳೇದೇ. ನಿಮಗೆ ಬೇಕಾಗ್ಲಿಲ್ಲ."

ಸರಸ್ವತಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡರು. ತಾವು ಅಡುಗೆ ಮಾಡುವಾಗ, ಬಸ್ಸಿಗೆ ಕಾಯುವಾಗ, ನಿದ್ದೆಯಲ್ಲಿರುವಾಗಲೂ ಒಳಗೆ ಯಾರೋ ಸದ್ದಿಲ್ಲದೆ ಕಟ್ಟುತ್ತಿದ್ದರು! ಕಣ್ಣು ತುಂಬಿತು.

"ಮೇಲ್ಗಡೆ ಮೂಳೆ ಸ್ವಲ್ಪ ತೆಳುವಾಗಿದೆ," ಡಾಕ್ಟರ್ ಮುಂದುವರಿಸಿದರು. "ಭಾರವನ್ನೆಲ್ಲ ಲೋಹವೇ ಹೊತ್ರೆ, ಕೆಲಸವಿಲ್ಲದ ಮೂಳೆ ಸೊರಗತ್ತೆ. ಅಷ್ಟಕ್ಕೆ ಭಯ ಬೇಡ. ಆದ್ರೆ ಇಲ್ಲಿ, ಕೀಲಿನ ಗುಂಡು ಕೂರೋ ಈ ಬಟ್ಟಲಿನ ಹಿಂದೆ, ಈ ನೆರಳು ಹಳೇ ಫಿಲಂನಲ್ಲಿ ಇಲ್ಲ."

ಶಾಮಣ್ಣ ಹೆಂಡತಿಯ ಕೈ ಹಿಡಿದುಕೊಂಡರು.

"ಬಟ್ಟಲೊಳಗಿನ ಪ್ಲಾಸ್ಟಿಕ್ ಸವೆದು ಪುಡಿಯಾಗಿದೆ. ಕಣ್ಣಿಗೆ ಕಾಣದ ಪುಡಿ. ಅದರ ಮೇಲೆ ಯುದ್ಧಕ್ಕೆ ಹೊರಟ ದೇಹ ತನ್ನ ಮೂಳೆಯನ್ನೇ ಕರಗಿಸಿಕೊಳ್ಳತ್ತೆ. ಎಷ್ಟೋ ಜನಕ್ಕೆ ನೋವೇ ಬರಲ್ಲ."

"ಪೂರ್ತಿ ಕೀಲು ತೆಗೀಬೇಕಾ?" ಎಂದರು ಶಾಮಣ್ಣ.

"ಬಟ್ಟಲು ಇನ್ನೂ ಗಟ್ಟಿಯಾಗಿದೆ. ಒಳಗಿನ ಪ್ಲಾಸ್ಟಿಕ್ ಬದಲಾಯಿಸಿದ್ರೆ ಸಾಕು. ತಡ ಮಾಡಿದ್ದಿದ್ರೆ ಬಟ್ಟಲೇ ಸಡಿಲವಾಗಿ, ದೊಡ್ಡ ಆಪರೇಷನ್ ಆಗ್ತಿತ್ತು."

ಸರಸ್ವತಮ್ಮ ಯೋಚಿಸಲಿಲ್ಲ. "ದಿನ ಹೇಳಿ ಡಾಕ್ಟ್ರೇ, ಬರ್ತೀನಿ. ಅದು ಇಷ್ಟು ವರ್ಷ ನನ್ನನ್ನ ಹೊತ್ತಿದೆ. ಒಂದ್ಸಲಾನೂ ಹೇಗಿದೀಯಾ ಅಂತ ಕೇಳಲಿಲ್ಲ ನಾನು."

ಕೀಲು ಬದಲಾಯಿಸಿಕೊಂಡವರೇ, ನೋವಿಗಾಗಿ ಕಾಯಬೇಡಿ. ವೈದ್ಯರು ಹೇಳಿದ ಸಮಯಕ್ಕೆ ಎಕ್ಸ್‌ರೇ ತೆಗೆಸಿ, ಹಳೆಯದನ್ನು ಜೋಪಾನ ಮಾಡಿ. ಅವರು ಹೇಳಿದಷ್ಟು ನಡೆಯಿರಿ. ಹೊಸದಾಗಿ ಹಾಕಿಸಿಕೊಳ್ಳುವವರು ಯಾವ ಲೋಹ, ಸಿಮೆಂಟೋ ಅಲ್ಲವೋ, ನನಗೆ ಇದೇ ಏಕೆ ಎಂದು ಧೈರ್ಯವಾಗಿ ಕೇಳಿ. ಲೋಹವನ್ನು ಕೊಟ್ಟವರು ವೈದ್ಯರು; ಅದನ್ನು ತನ್ನದಾಗಿಸಿಕೊಂಡದ್ದು ನಿಮ್ಮ ಮೂಳೆ. ಅದಕ್ಕೆ ಜೀವವಿದೆ.